ಕ್ಷಯಕ್ಕೆ ಜೀನ್ ಓದು: ‘ಮ್ಯುಟೇಷನ್ ಸಿಗಲಿಲ್ಲ’ ಎಂದ ಮಾತ್ರಕ್ಕೆ ಔಷಧ ನಾಟೀತೇ?

2024ರಲ್ಲಿ ಕ್ಷಯರೋಗದ ಬಗ್ಗೆ ಆರು ತಿಂಗಳ ಅಂತರದಲ್ಲಿ ಎರಡು ಸುದ್ದಿಗಳು ಬಂದವು. ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ, ಔಷಧಕ್ಕೆ ಬಗ್ಗದ ಕ್ಷಯವನ್ನು ಗುರುತಿಸಲು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ಬದಲು, ಅದರ ಆಯ್ದ ಜೀನ್‌ಗಳನ್ನು ಅಕ್ಷರ ಅಕ್ಷರವಾಗಿ ಓದುವ ಟಾರ್ಗೆಟೆಡ್ ಸೀಕ್ವೆನ್ಸಿಂಗ್ ಬಳಸಬಹುದು ಎಂದಿತು. ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಬಹುಔಷಧ ನಿರೋಧಕ ಕ್ಷಯಕ್ಕೆ ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಎಂಬ ನಾಲ್ಕು ಔಷಧಗಳ ಆರು ತಿಂಗಳ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಇದನ್ನು ಚುಟುಕಾಗಿ ಬಿಪಾಲ್‌ಎಂ ಎನ್ನುತ್ತಾರೆ. ಎರಡನ್ನೂ ಜೋಡಿಸಿ ಓದಿದವರಿಗೆ, ಇನ್ನು ಕಫ ಕೊಟ್ಟರೆ ಎರಡೇ ದಿನದಲ್ಲಿ ಯಾವ ಮಾತ್ರೆ ನಾಟುತ್ತದೆ ಎಂದು ಯಂತ್ರವೇ ಹೇಳಿಬಿಡುತ್ತದೆ ಎಂದು ಅನ್ನಿಸಿದ್ದರೆ ತಪ್ಪಿಲ್ಲ.

ಆದರೆ ಸೀಕ್ವೆನ್ಸಿಂಗ್ ವರದಿ ಕೈಗೆ ಬಂದ ಮೇಲೂ ಡಾಕ್ಟರು ‘ಕಲ್ಚರಿಗೂ ಕಳಿಸಿ’ ಎನ್ನುತ್ತಾರೆ. ಒಂದು ಲ್ಯಾಬ್ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ನಾಟುವುದಿಲ್ಲ ಎಂದರೆ ಇನ್ನೊಂದು ನಾಟುತ್ತದೆ ಎನ್ನುತ್ತದೆ. ಬೆಡಾಕ್ವಿಲಿನ್ ಎದುರಿನ ಕಾಲಂನಲ್ಲಿ ‘ಅರ್ಥ ಅನಿಶ್ಚಿತ’ ಎಂಬ ಮಾತು ಇರುತ್ತದೆ. ಪರೀಕ್ಷೆ ಹೊಸದು, ದುಬಾರಿ, ಆದರೂ ಈ ತೊದಲು ಏಕೆ?

ಏಕೆಂದರೆ ಈ ಪರೀಕ್ಷೆ ಎಲ್ಲ ಔಷಧಗಳ ಬಗ್ಗೆಯೂ ಒಂದೇ ಗಟ್ಟಿ ದನಿಯಲ್ಲಿ ಮಾತಾಡುವುದಿಲ್ಲ. ಹಳೆಯ ಔಷಧಗಳ ವಿಷಯದಲ್ಲಿ ಅದು ಹೇಳುವ ‘ಹೌದು’, ‘ಇಲ್ಲ’ ಎರಡನ್ನೂ ನಂಬಬಹುದು. ಹೊಸ ಔಷಧಗಳ ವಿಷಯದಲ್ಲಿ ‘ನಿರೋಧಕತೆ ಇದೆ’ ಎಂಬುದನ್ನು ಮಾತ್ರ ನಂಬಬಹುದು. ನಾವು ಈಗ ಹೊಸ ಔಷಧಗಳನ್ನೇ ನೆಚ್ಚಿಕೊಂಡಿದ್ದೇವೆ ಎಂಬುದೇ ಇಲ್ಲಿನ ಇಕ್ಕಟ್ಟು.

ಹಳೆಯ ಪರೀಕ್ಷೆಗಳು ಎಲ್ಲಿ ನಿಂತುಬಿಟ್ಟವು

ತಾಲ್ಲೂಕು ಮಟ್ಟದವರೆಗೂ ತಲುಪಿರುವ ಜೀನ್‌ಎಕ್ಸ್‌ಪರ್ಟ್, ಟ್ರೂನ್ಯಾಟ್ ಯಂತ್ರಗಳು ಒಂದೆರಡು ಗಂಟೆಯಲ್ಲಿ ಕ್ಷಯ ಇದೆಯೇ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ಹೇಳುತ್ತವೆ. ಇಷ್ಟು ಬೇಗ ಹೇಳಲು ಸಾಧ್ಯವಾಗುವುದು ರಿಫಾಂಪಿಸಿನ್ ನಿರೋಧಕತೆ ಹುಟ್ಟುವ ಜಾಗ ಚಿಕ್ಕದಾಗಿರುವುದರಿಂದ. ಆರ್‌ಪಿಒಬಿ ಎಂಬ ಜೀನಿನ 81 ಅಕ್ಷರಗಳ ಒಂದು ತುಂಡಿನಲ್ಲೇ ಬಹುಪಾಲು ಮ್ಯುಟೇಷನ್‌ಗಳು, ಅಂದರೆ ಅಕ್ಷರ ಬದಲಾವಣೆಗಳು, ಕೂತಿರುತ್ತವೆ. ಜೀನ್‌ಎಕ್ಸ್‌ಪರ್ಟ್ ಆ ತುಂಡಿಗೆ ಅಂಟುವ ಪ್ರೋಬ್‌ಗಳನ್ನು (ಚಿಕ್ಕ ಡಿಎನ್‌ಎ ತುಣುಕುಗಳನ್ನು) ಬಿಟ್ಟು, ಯಾವುದು ಅಂಟಲಿಲ್ಲ ಅಥವಾ ತಡವಾಗಿ ಅಂಟಿತು ಎಂದು ನೋಡುತ್ತದೆ. ಅಕ್ಷರಗಳನ್ನು ಅದು ಓದುವುದಿಲ್ಲ, ಎಲ್ಲೋ ಏನೋ ಬದಲಾಗಿದೆ ಎಂದಷ್ಟೇ ಹೇಳುತ್ತದೆ. ಹಾಗಾಗಿ ಅರ್ಥ ಬದಲಾಗದ ಮ್ಯುಟೇಷನ್ ಇದ್ದರೂ ಕೆಲವೊಮ್ಮೆ ‘ನಿರೋಧಕ’ ಎನ್ನುತ್ತದೆ. 81 ಅಕ್ಷರಗಳ ಆಚೆ ನಿಜವಾದ ಮ್ಯುಟೇಷನ್ ಇದ್ದರೆ ಅದಕ್ಕೆ ಕಾಣುವುದೇ ಇಲ್ಲ. ಆಫ್ರಿಕಾದ ಎಸ್ವಾಟಿನಿ ದೇಶದಲ್ಲಿ ಆರ್‌ಪಿಒಬಿಯ 491ನೇ ಸ್ಥಾನದ ಮ್ಯುಟೇಷನ್ ಹೊತ್ತ ತಳಿ ಹಬ್ಬಿದ್ದು ಹೀಗೆ, ಈ ಯಂತ್ರಗಳ ಕಣ್ಣಿಗೆ ಬೀಳದೆ.

ಮುಂದಿನ ಹಂತ ಲೈನ್ ಪ್ರೋಬ್ ಪರೀಕ್ಷೆ. ಐಸೊನಿಯಾಜಿಡ್, ಮಾಕ್ಸಿಫ್ಲಾಕ್ಸಸಿನ್ ಗುಂಪಿನ ಔಷಧಗಳ ಬಗ್ಗೆ ಅದು ಹೇಳುತ್ತದೆ. ಬೆಡಾಕ್ವಿಲಿನ್, ಲಿನೆಜೊಲಿಡ್ ಬಗ್ಗೆ ಅದಕ್ಕೂ ಗೊತ್ತಿಲ್ಲ, ಜೀನ್‌ಎಕ್ಸ್‌ಪರ್ಟ್‌ಗೆ ಹಾಕುವ ಯಾವ ಕಾರ್ಟ್ರಿಡ್ಜಿಗೂ ಗೊತ್ತಿಲ್ಲ. ಅವಕ್ಕೆ ಉಳಿದಿರುವ ದಾರಿ ದ್ರವ ಕಲ್ಚರ್: ಬ್ಯಾಕ್ಟೀರಿಯಾ ಬೆಳೆಯಲು ಒಂದರಿಂದ ಮೂರು ವಾರ, ಬೆಳೆಯಲಿಲ್ಲ ಎಂದು ಕೈಬಿಡಲು 42 ದಿನ, ಬೆಳೆದ ಮೇಲೆ ಔಷಧ ಹಾಕಿ ನೋಡಲು ಇನ್ನೂ ಒಂದೆರಡು ವಾರ. ಆರು ತಿಂಗಳ ಚಿಕಿತ್ಸೆಯಲ್ಲಿ ಒಂದು ತಿಂಗಳಿನಷ್ಟು ಔಷಧ ನಾಟುತ್ತಿದೆಯೇ ಎಂದು ತಿಳಿಯುವುದರಲ್ಲೇ ಕಳೆಯುತ್ತದೆ. ಸೀಕ್ವೆನ್ಸಿಂಗ್ ತುಂಬಲು ಬಂದಿದ್ದು ಈ ಕಂದಕವನ್ನು.

ಪೂರ್ತಿ ಜೀನೋಮ್ ಓದಿದರೆ ಆಗದೇ?

ಕ್ಷಯದ ಬ್ಯಾಕ್ಟೀರಿಯಾದ ಜೀನೋಮ್ 44 ಲಕ್ಷ ಅಕ್ಷರಗಳದ್ದು. 1998ರಲ್ಲೇ ಅದನ್ನು ಪೂರ್ತಿ ಓದಿ ಆಗಿದೆ. ಇಂಗ್ಲೆಂಡಿನಲ್ಲಿ 2017ರ ಹೊತ್ತಿಗೆ ಪ್ರತಿ ರೋಗಿಯ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್ ಓದುವುದು ವಾಡಿಕೆಯಾಯಿತು. ಆದರೆ ಅಲ್ಲಿ ಓದುವುದು ಕಲ್ಚರಿನಲ್ಲಿ ಬೆಳೆಸಿಕೊಂಡ ಬ್ಯಾಕ್ಟೀರಿಯಾವನ್ನು. ಅಂದರೆ ಕಲ್ಚರಿನ ವಾರಗಳು ಹಾಗೇ ಉಳಿದವು. ನೇರ ಕಫದಿಂದ ಓದಲು ಹೋದರೆ ಲೆಕ್ಕ ಕೈಕೊಡುತ್ತದೆ.

ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 640 ಕೋಟಿ ಅಕ್ಷರಗಳ ಡಿಎನ್‌ಎ ಇದೆ. ಅದನ್ನು 44 ಲಕ್ಷದಿಂದ ಭಾಗಿಸಿ: ಒಂದೇ ಒಂದು ಮಾನವ ಕೋಶ 1,450 ಬ್ಯಾಕ್ಟೀರಿಯಾಗಳಷ್ಟು ಡಿಎನ್‌ಎ ಹೊತ್ತಿರುತ್ತದೆ. ಕಫದ ತುಂಬ ಇರುವುದು ಇಂಥ ಕೋಶಗಳೇ, ಜೊತೆಗೆ ಬಾಯಿಯ ಇತರ ಬ್ಯಾಕ್ಟೀರಿಯಾಗಳು. ಕಫದ ಡಿಎನ್‌ಎಯಲ್ಲಿ ಕ್ಷಯದ ಪಾಲು ನೂರಕ್ಕೆ ಒಂದು ಎಂದು ಉದಾರವಾಗಿಯೇ ಹಿಡಿಯೋಣ. ಪ್ರತಿ ಅಕ್ಷರವನ್ನು 50 ಸಲ ಓದಬೇಕೆಂದರೆ 22 ಕೋಟಿ ಅಕ್ಷರ ಬೇಕು. ನೂರಕ್ಕೆ ತೊಂಬತ್ತೊಂಬತ್ತು ಭಾಗ ವ್ಯರ್ಥ ಹೋಗುವುದರಿಂದ ಯಂತ್ರ 2,200 ಕೋಟಿ ಅಕ್ಷರ ಓದಬೇಕು. ಐಸೀಕ್ 100ರಂಥ ಸಣ್ಣ ಸೀಕ್ವೆನ್ಸರ್ ಒಂದು ಓಟದಲ್ಲಿ ಓದುವುದು ಸುಮಾರು 120 ಕೋಟಿ. ಒಬ್ಬ ರೋಗಿಗೆ ಹದಿನೆಂಟು ಓಟ!

ಟಾರ್ಗೆಟೆಡ್ ವಿಧಾನದಲ್ಲಿ ಮೊದಲೇ ಬೇಕಾದ ತುಂಡುಗಳನ್ನು ಮಾತ್ರ, ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡುವ ಪಿಸಿಆರ್‌ನಿಂದ ಹೆಚ್ಚಿಸಿಕೊಳ್ಳುತ್ತಾರೆ. ಡೀಪ್ಲೆಕ್ಸ್ ಕಿಟ್ ಒಂದೇ ಟ್ಯೂಬಿನಲ್ಲಿ 24 ತುಂಡುಗಳನ್ನು ಎತ್ತುತ್ತದೆ. ತುಂಡಿಗೆ ಸರಾಸರಿ 500 ಅಕ್ಷರ ಎಂದುಕೊಂಡರೆ ಒಟ್ಟು 12,000. ಸಾವಿರ ಸಲ ಓದಿದರೂ 1.2 ಕೋಟಿ. ಹದಿನೆಂಟು ಓಟ ಕೇಳುತ್ತಿದ್ದ ಯಂತ್ರದಲ್ಲೇ ಈಗ, ಕಾಗದದ ಮೇಲಾದರೂ, ನೂರು ರೋಗಿಗಳ ಮಾದರಿ ಒಂದೇ ಓಟಕ್ಕೆ ಹಿಡಿಯುತ್ತದೆ.

ಕ್ಯಾನ್ಸರ್ ಲ್ಯಾಬುಗಳಲ್ಲಿ ಟಾರ್ಗೆಟೆಡ್ ಎಂದರೆ ಹೆಚ್ಚಾಗಿ ಇನ್ನೊಂದು ವಿಧಾನ. ಅಲ್ಲಿ ಪ್ರೋಬ್‌ಗಳನ್ನು ಗಾಳದಂತೆ ಬಿಟ್ಟು ಬೇಕಾದ ಡಿಎನ್‌ಎಯನ್ನು ಹಿಡಿದೆತ್ತುತ್ತಾರೆ. ಜೀನ್ ನಕಲು ಹೆಚ್ಚಿದ್ದು, ಅಳಿದದ್ದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಗಾಳಕ್ಕೆ ಸಿಗುವಷ್ಟು ಡಿಎನ್‌ಎ ಇರಬೇಕು. ಕಫದಲ್ಲಿ ಕೆಲವು ನೂರು ಪ್ರತಿಗಳಷ್ಟೇ ಸಿಗುವಾಗ ಪಿಸಿಆರ್ ಬಿಟ್ಟರೆ ಗತಿಯಿಲ್ಲ.

ಕಫದ ಟ್ಯೂಬಿನಿಂದ ಓದಿನವರೆಗೆ

ಕಫವನ್ನು ಮೊದಲು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಎನ್‌ಎಎಲ್‌ಸಿ ದ್ರಾವಣದಲ್ಲಿ 15–20 ನಿಮಿಷ ಇಟ್ಟು ಲೋಳೆ ಕರಗಿಸಿ, ಬಫರ್ ಹಾಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳದ ಗಷ್ಟನ್ನು ಉಳಿಸಿಕೊಳ್ಳುತ್ತಾರೆ. ಬಫರ್ ಕಡಿಮೆಯಾಗಿ ಕ್ಷಾರ ಉಳಿದರೆ ಮುಂದೆ ಪಿಸಿಆರ್ ಕೂತುಬಿಡುತ್ತದೆ. ಬಳಿಕ 95 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ. ಬ್ಯಾಕ್ಟೀರಿಯಾ ಸತ್ತ ಮೇಲೆ ಉಳಿದ ಕೆಲಸ ಸಾಮಾನ್ಯ ಮಾಲಿಕ್ಯುಲರ್ ಲ್ಯಾಬಿನಲ್ಲೇ ಆಗುತ್ತದೆ, ಕಲ್ಚರಿಗೆ ಬೇಕಾದ ಬಿಗಿ ಭದ್ರತೆಯ ಕೋಣೆ ಬೇಡ. ಈ ಬ್ಯಾಕ್ಟೀರಿಯಾದ ಹೊರಪದರ ಮೇಣದಂತೆ ಗಟ್ಟಿ, ಬಿಸಿ ಮಾಡಿದ ಮಾತ್ರಕ್ಕೆ ಡಿಎನ್‌ಎ ಬಿಟ್ಟುಕೊಡುವುದಿಲ್ಲ. ಸಣ್ಣ ಗಾಜಿನ ಮಣಿಗಳೊಂದಿಗೆ ಜೋರಾಗಿ ಕುಲುಕಿ ಒಡೆಯಬೇಕು. ಈ ಹೆಜ್ಜೆ ಬಿಟ್ಟವರು ಆಮೇಲೆ ‘ಕಿಟ್ ಸರಿಯಿಲ್ಲ’ ಎಂದು ದೂರುವುದು ಹೆಚ್ಚು.

ಪಿಸಿಆರ್ ಆದ ಮೇಲೆ ಮ್ಯಾಗ್ನೆಟಿಕ್ ಬೀಡ್‌ಗಳಿಂದ ಶುದ್ಧಿ. 50 ಮೈಕ್ರೊಲೀಟರ್‌ಗೆ 40 ಮೈಕ್ರೊಲೀಟರ್ ಬೀಡ್ ಹಾಕಿದರೆ ದೊಡ್ಡ ತುಂಡುಗಳು ಅಂಟುತ್ತವೆ, ನಕಲು ಶುರು ಮಾಡಿಸುವ ಚಿಕ್ಕ ಡಿಎನ್‌ಎ ತುಣುಕುಗಳಾದ ಪ್ರೈಮರ್‌ಗಳು ತಮ್ಮಲ್ಲೇ ಅಂಟಿಕೊಂಡ ಪುಡಿ ತೊಳೆದುಹೋಗುತ್ತದೆ. ತೊಳೆಯಲು ಶೇ 80ರ ಎಥನಾಲ್ ಆ ದಿನವೇ ಮಾಡಿಕೊಂಡದ್ದಾಗಿರಬೇಕು. ಹಳೆಯದಾದರೆ ಎಥನಾಲ್ ಆರಿ ನೀರಿನ ಪಾಲು ಹೆಚ್ಚುತ್ತದೆ, ಬೇಕಾದ ಡಿಎನ್‌ಎಯೂ ಜೊತೆಗೆ ಹೋಗುತ್ತದೆ. ಬೀಡ್ ತೀರಾ ಒಣಗಿ ಬಿರುಕು ಬಿಟ್ಟರೆ ಡಿಎನ್‌ಎ ಮತ್ತೆ ಕಳಚಿ ಬರುವುದಿಲ್ಲ.

ಆಮೇಲೆ ಪ್ರತಿ ರೋಗಿಯ ಡಿಎನ್‌ಎಗೆ ಅವರದೇ ಬಾರ್‌ಕೋಡ್ (ಗುರುತಿನ ಡಿಎನ್‌ಎ ತುಣುಕು) ಅಂಟಿಸಿ ಲೈಬ್ರರಿ, ಅಂದರೆ ಓದಲು ಸಿದ್ಧವಾದ ಡಿಎನ್‌ಎ, ಮಾಡುತ್ತಾರೆ. ಎಲ್ಲರ ಲೈಬ್ರರಿಯನ್ನೂ ಸಮ ಪ್ರಮಾಣದಲ್ಲಿ ಒಂದೇ ಟ್ಯೂಬಿಗೆ ಬೆರೆಸಬೇಕು. ತೂಕವನ್ನು ಅಣುಗಳ ಸಂಖ್ಯೆಗೆ ತಿರುಗಿಸುವ ಲೆಕ್ಕ ಹೀಗೆ: ಮೈಕ್ರೊಲೀಟರ್‌ಗೆ 2 ನ್ಯಾನೊಗ್ರಾಂ ಇದ್ದು ತುಂಡಿನ ಸರಾಸರಿ ಉದ್ದ 500 ಆಗಿದ್ದರೆ, 2ನ್ನು ಹತ್ತು ಲಕ್ಷದಿಂದ ಗುಣಿಸಿ, 660 ಮತ್ತು 500ರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 6 ನ್ಯಾನೊಮೋಲಾರ್. ಉದ್ದವನ್ನು ಅಳೆಯದೆ ಅಂದಾಜು ಹಾಕಿದರೆ ಈ ಲೆಕ್ಕವೇ ಕೆಡುತ್ತದೆ. ಪ್ರೈಮರ್ ಪುಡಿ ಉಳಿದಿದ್ದರಂತೂ ಯಂತ್ರ ಚಿಕ್ಕ ತುಂಡುಗಳನ್ನೇ ಇಷ್ಟಪಟ್ಟು ಹಿಡಿಯುತ್ತದೆ. ಅರ್ಧ ಓಟ ಪುಡಿ ಓದುವುದರಲ್ಲೇ ಮುಗಿಯುತ್ತದೆ.

ಐಸೀಕ್‌ನಲ್ಲಿ ಒಂದು ಓಟಕ್ಕೆ ಸುಮಾರು 40 ಲಕ್ಷ ರೀಡ್ (ಓದಿದ ತುಣುಕು), 17–19 ಗಂಟೆ. ತಾಳೆ ನೋಡಲು ಇಡುವ ಕಂಟ್ರೋಲ್ ಮಾದರಿ ಸೇರಿ 24 ಮಾದರಿ ಹಾಕಿದರೆ ತಲಾ ಸುಮಾರು 1.7 ಲಕ್ಷ ರೀಡ್. 24 ತುಂಡುಗಳಿಗೆ ಹಂಚಿದರೆ ತುಂಡಿಗೆ ಏಳು ಸಾವಿರದಷ್ಟು. ಇದು ಸಮಪಾಲಿನ ಲೆಕ್ಕ. ನಿಜದಲ್ಲಿ ಹಾಗೆ ಹಂಚಿಕೆಯಾಗುವುದಿಲ್ಲ. ಕ್ಷಯದ ಜೀನೋಮಿನಲ್ಲಿ ಜಿ, ಸಿ ಅಕ್ಷರಗಳೇ ಮೂರರಲ್ಲಿ ಎರಡು ಪಾಲು. ಅಂಥ ತುಂಡುಗಳು ಪಿಸಿಆರ್‌ನಲ್ಲಿ ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ, ಕೆಲವು ನೂರಕ್ಕೆ ಇಳಿಯುತ್ತವೆ.

ಇಲ್ಲಿ ಆಳ ಮುಖ್ಯವಾಗುವುದು ಮಿಶ್ರ ಸೋಂಕಿನಿಂದಾಗಿ. ರೋಗಿಯ ದೇಹದಲ್ಲಿ ಔಷಧಕ್ಕೆ ಬಗ್ಗುವ ಮತ್ತು ಬಗ್ಗದ ಬ್ಯಾಕ್ಟೀರಿಯಾಗಳು ಒಟ್ಟಿಗೇ ಇರಬಹುದು. ಬಗ್ಗದವು ನೂರಕ್ಕೆ ಮೂರೇ ಇದ್ದರೂ ಔಷಧ ಶುರುವಾದ ಮೇಲೆ ಉಳಿಯುವವು ಅವೇ. ನೂರು ಸಲ ಓದಿದ ಜಾಗದಲ್ಲಿ ಶೇ 3 ಎಂದರೆ ಮೂರು ರೀಡ್, ಯಂತ್ರದ ತಪ್ಪಿಗೂ ಅದಕ್ಕೂ ವ್ಯತ್ಯಾಸ ತಿಳಿಯದು. ಸಾವಿರ ಸಲ ಓದಿದರೆ ಮೂವತ್ತು ರೀಡ್, ಆಗ ಮಾತಿಗೆ ತೂಕ ಬರುತ್ತದೆ.

ಕೆಡುವುದು ಯಂತ್ರದಲ್ಲಿ ಕಡಿಮೆ

ಪಿಸಿಆರ್ ಮುಗಿದ ಒಂದು ಟ್ಯೂಬಿನಲ್ಲಿ ಲಕ್ಷ ಕೋಟಿಗೂ ಹೆಚ್ಚು ಪ್ರತಿಗಳಿರುತ್ತವೆ. ಮುಚ್ಚಳ ತೆಗೆಯುವಾಗ ಕಣ್ಣಿಗೆ ಕಾಣದ ಒಂದು ಹನಿ ಹಾರಿ, ಮಾರನೇ ದಿನದ ಮಾದರಿಗೆ ಬಿತ್ತೆಂದರೆ, ಕೆಲವು ನೂರು ಪ್ರತಿಗಳಿದ್ದ ಆ ರೋಗಿಯ ಸ್ವಂತ ಡಿಎನ್‌ಎ ಅದರಡಿ ಮುಳುಗಿಹೋಗುತ್ತದೆ. ಹಾಗಾಗಿ ರಾಸಾಯನಿಕ ಬೆರೆಸುವ ಕೋಣೆ, ಮಾದರಿ ಹಾಕುವ ಕೋಣೆ, ಪಿಸಿಆರ್ ನಂತರದ ಕೋಣೆ ಬೇರೆ ಬೇರೆ ಇರಬೇಕು. ಪೈಪೆಟ್ ಬೇರೆ, ಕೋಟು ಬೇರೆ. ಮೂರನೇ ಕೋಣೆಗೆ ಹೋದವರು ಆ ದಿನ ಮೊದಲನೆಯದಕ್ಕೆ ಮರಳಬಾರದು. ಲ್ಯಾಬ್ ಕಟ್ಟುವಾಗ ಸೀಕ್ವೆನ್ಸರ್‌ಗೆ ಟೆಂಡರ್ ಕರೆಯುತ್ತಾರೆ, ಗೋಡೆ ಮತ್ತು ಗಾಳಿಯ ಒತ್ತಡಕ್ಕೆ ಕರೆಯುವುದಿಲ್ಲ. ಕೆಡುವುದು ಅಲ್ಲೇ.

ಪ್ರತಿ ಬ್ಯಾಚಿನಲ್ಲೂ ಕಫವಿಲ್ಲದ ಖಾಲಿ ಟ್ಯೂಬೊಂದು ಮೊದಲ ಹೆಜ್ಜೆಯಿಂದ ಕೊನೆಯವರೆಗೆ ಸಾಗಬೇಕು. ಅದರಲ್ಲಿ ಮಿತಿ ಮೀರಿ ಕ್ಷಯದ ರೀಡ್ ಕಂಡರೆ ಇಡೀ ಬ್ಯಾಚ್ ಮತ್ತೆ ಮಾಡಬೇಕು. ಪಾಸಿಟಿವ್ ಕಂಟ್ರೋಲಿಗೆ ಬಿಸಿಜಿ ಲಸಿಕೆಯ ತಳಿಯ ಡಿಎನ್‌ಎ ಬಳಸುವುದರಲ್ಲಿ ಒಂದು ಜಾಣತನವಿದೆ. ಆ ತಳಿಗೆ ಪೈರಾಜಿನಮೈಡ್ ಹುಟ್ಟಿನಿಂದಲೇ ನಾಟುವುದಿಲ್ಲ, ಅದರ ಪಿಎನ್‌ಸಿಎ ಜೀನಿನ 57ನೇ ಸ್ಥಾನದಲ್ಲಿ ಗೊತ್ತಿರುವ ಬದಲಾವಣೆಯಿದೆ. ಕಂಟ್ರೋಲಿನಲ್ಲಿ ಅದು ಕಾಣದಿದ್ದರೆ ಓದು ತಪ್ಪಿದೆ. ರೋಗಿಗಳ ಮಾದರಿಗಳಲ್ಲಿ ಅದು ಸಾಲಾಗಿ ಕಂಡರೆ ಕಂಟ್ರೋಲ್ ಚೆಲ್ಲಿದೆ.

ಇನ್ನೊಂದು ಸೋರಿಕೆ ಬಾರ್‌ಕೋಡಿನದು. ಕೆಲವು ಬಗೆಯ ಫ್ಲೋಸೆಲ್‌ಗಳಲ್ಲಿ (ಯಂತ್ರದೊಳಗೆ ಓದು ನಡೆಯುವ ಚಿಪ್‌ಗಳಲ್ಲಿ) ಒಬ್ಬರ ರೀಡ್ ಇನ್ನೊಬ್ಬರ ಬಾರ್‌ಕೋಡಿಗೆ ಜಿಗಿಯುವುದು ನೂರಕ್ಕೆ ಒಂದೆರಡರವರೆಗೂ ಆಗಬಹುದು. ಶೇ 3ರ ಮಿಶ್ರ ಸೋಂಕನ್ನು ಹುಡುಕಲು ಹೊರಟವರಿಗೆ ಇದು ಸಣ್ಣ ವಿಷಯವಲ್ಲ. ಪಕ್ಕದ ರೋಗಿಯ ತುಂಬು ಪಾಸಿಟಿವ್ ಮಾದರಿಯಿಂದ ಜಿಗಿದ ರೀಡ್‌ಗಳು ಈ ರೋಗಿಯ ‘ಅಲ್ಪ ನಿರೋಧಕತೆ’ಯ ವೇಷದಲ್ಲಿ ಬರುತ್ತವೆ. ತುಂಡಿನ ಎರಡೂ ತುದಿಗೆ, ಬ್ಯಾಚಿನಲ್ಲಿ ಬೇರಾರಿಗೂ ಇಲ್ಲದ ಜೋಡಿ ಬಾರ್‌ಕೋಡ್ ಹಾಕುವುದೇ ಇದಕ್ಕೆ ಮದ್ದು. ಕಿಟ್ ದರ ಇಳಿಸಲು ಇದನ್ನು ಬಿಡುವುದು ಕೆಟ್ಟ ಉಳಿತಾಯ.

ಒಂದು ವರದಿಯನ್ನು ಓದೋಣ

ಉದಾಹರಣೆಗೆಂದು ಕಟ್ಟಿದ ನಾಲ್ಕು ಸಾಲು: ಆರ್‌ಪಿಒಬಿ ಎಸ್450ಎಲ್, ಶೇ 99. ಕ್ಯಾಟ್‌ಜಿ ಎಸ್315ಟಿ, ಶೇ 99. ಜೈರ್‌ಎ ಡಿ94ಜಿ, ಶೇ 12. ಆರ್‌ವಿ0678, ರೀಡ್ ಸಾಲದು. ಎಸ್450ಎಲ್ ಎಂದರೆ ಆ ಜೀನಿನ ಪ್ರೋಟೀನಿನ 450ನೇ ಸ್ಥಾನದಲ್ಲಿ ಎಸ್ ಇದ್ದ ಕಡೆ ಎಲ್ ಬಂದಿದೆ ಎಂದು; ಶೇಕಡಾ ಎಂದರೆ ಆ ಬದಲಾವಣೆ ಕಂಡ ರೀಡ್‌ಗಳ ಪಾಲು.

ಮೊದಲ ಸಾಲು ರಿಫಾಂಪಿಸಿನ್‌ಗೆ ಗಟ್ಟಿ ನಿರೋಧಕತೆ. ಹಳೆಯ ವರದಿಯಲ್ಲಿ ಇದನ್ನೇ ಎಸ್531ಎಲ್ ಎಂದು ಬರೆದಿರುತ್ತದೆ, ಏಕೆಂದರೆ ಆಗ ಎಣಿಕೆ ಇ. ಕೋಲೈ ಬ್ಯಾಕ್ಟೀರಿಯಾದ ಜೀನಿನ ಪ್ರಕಾರ ನಡೆಯುತ್ತಿತ್ತು. ಎರಡು ವರದಿಯಲ್ಲಿ ಎರಡು ಸಂಖ್ಯೆ ಕಂಡು ಎರಡು ಮ್ಯುಟೇಷನ್ ಎಂದುಕೊಳ್ಳಬೇಕಿಲ್ಲ. ಎರಡನೇ ಸಾಲು ಐಸೊನಿಯಾಜಿಡ್‌ಗೆ ಹೆಚ್ಚಿನ ಮಟ್ಟದ ನಿರೋಧಕತೆ, ಡೋಸ್ ಏರಿಸಿ ಗೆಲ್ಲುವಂಥದ್ದಲ್ಲ. ಇದರ ಬದಲು ಐಎನ್‌ಎಚ್‌ಎ ಜೀನಿನ ಮುಂಭಾಗದ ಮ್ಯುಟೇಷನ್ ಇದ್ದಿದ್ದರೆ ಡೋಸ್ ಹೆಚ್ಚಿಸುವ ದಾರಿ ಉಳಿಯುತ್ತಿತ್ತು, ಆದರೆ ಇಥಿಯೊನಮೈಡ್ ಕೈತಪ್ಪುತ್ತಿತ್ತು. ಮೂರನೇ ಸಾಲು ಮಾಕ್ಸಿಫ್ಲಾಕ್ಸಸಿನ್ ನಿರೋಧಕತೆಯದು, ಅದರ ಶೇ 12 ಮಿಶ್ರ ಸೋಂಕನ್ನು ಹೇಳುತ್ತದೆ. ಹನ್ನೆರಡೇ ಎಂದು ಸುಮ್ಮನಾದರೆ ಮಾಕ್ಸಿಫ್ಲಾಕ್ಸಸಿನ್ ಅದನ್ನೇ ನೂರು ಮಾಡುತ್ತದೆ.

ನಾಲ್ಕನೇ ಸಾಲು ಎಲ್ಲಕ್ಕಿಂತ ಅಪಾಯದ್ದು. ಆರ್‌ವಿ0678 ಬೆಡಾಕ್ವಿಲಿನ್‌ಗೆ ಸಂಬಂಧಿಸಿದ ಜೀನ್. ರೀಡ್ ಸಾಲದು ಎಂದರೆ ಕಫದಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇರಬಹುದು. ಪ್ರೈಮರ್ ಕೂರುವ ಜಾಗದಲ್ಲೇ ಅಕ್ಷರ ಬದಲಾಗಿರಬಹುದು. ಅಥವಾ ಆ ಜೀನೇ ಅಳಿದಿರಬಹುದು. ಅಳಿದಿದ್ದರೆ ಅದು ನಿರೋಧಕತೆ. ಉಳಿದ 23 ತುಂಡುಗಳೂ ಚೆನ್ನಾಗಿ ಓದಿಸಿಕೊಂಡು ಇದೊಂದೇ ಸೊನ್ನೆಯಾಗಿದ್ದರೆ ಅನುಮಾನ ಆ ಕಡೆಗೇ ಹೋಗಬೇಕು. ಈ ಸಾಲನ್ನು ಕೆಲವು ಸಾಫ್ಟ್‌ವೇರ್ ಬೂದು ಬಣ್ಣದಲ್ಲಿ ತೋರಿಸುತ್ತದೆ. ಟೈಪ್ ಮಾಡುವ ಹಂತದಲ್ಲಿ ಆ ಬೂದು ಬಣ್ಣ ‘ಮ್ಯುಟೇಷನ್ ಇಲ್ಲ’ ಆಗಿಬಿಟ್ಟರೆ, ಡಾಕ್ಟರು ಅದನ್ನು ‘ಔಷಧ ನಾಟುತ್ತದೆ’ ಎಂದೇ ಓದುತ್ತಾರೆ.

ಬೆಡಾಕ್ವಿಲಿನ್ ಏಕೆ ಕೈಗೆ ಸಿಗದು

ರಿಫಾಂಪಿಸಿನ್‌ಗೆ 81 ಅಕ್ಷರಗಳ ಗುರಿಯಿತ್ತು. ಆರ್‌ವಿ0678 ಜೀನಿನ 498 ಅಕ್ಷರಗಳಲ್ಲಿ ಎಲ್ಲಿ ಬೇಕಾದರೂ ಪೆಟ್ಟು ಬೀಳಬಹುದು. ಈ ಜೀನ್ ಒಂದು ಪಂಪಿಗೆ ಬೀಗ ಹಾಕಿ ಇಟ್ಟಿರುತ್ತದೆ. ಜೀನ್ ಕೆಟ್ಟರೆ ಬೀಗ ತೆರೆದು, ಪಂಪು ಬೆಡಾಕ್ವಿಲಿನ್ ಮತ್ತು ಕ್ಲೊಫಜಿಮಿನ್ ಎರಡನ್ನೂ ಕೋಶದಿಂದ ಹೊರಗೆ ತಳ್ಳುತ್ತದೆ. ಬೀಗ ಒಡೆಯಲು ನೂರು ದಾರಿ ಇರುವುದರಿಂದ ಪ್ರತಿ ರೋಗಿಯಲ್ಲೂ ಹೊಸ ಮ್ಯುಟೇಷನ್ ಕಾಣುತ್ತದೆ. ಹಿಂದೆ ಒಂದೆರಡು ಸಲವಷ್ಟೇ ಕಂಡದ್ದರ ಬಗ್ಗೆ ಖಚಿತವಾಗಿ ಹೇಳುವುದು ಹೇಗೆ? ಪಂಪೇ ಕೆಟ್ಟಿರುವ ತಳಿಗಳೂ ಇವೆ. ಅವುಗಳಲ್ಲಿ ಬೀಗ ಒಡೆದರೂ ಏನೂ ಆಗುವುದಿಲ್ಲ, ಔಷಧ ನಾಟುತ್ತದೆ. ಹಾಗಾಗಿ ಬೀಗವನ್ನು ಮಾತ್ರ ಓದಿ ಪಂಪನ್ನು ಓದದ ಪರೀಕ್ಷೆ ಎರಡೂ ಕಡೆ ಎಡವಬಹುದು.

ತಾಂತ್ರಿಕ ತೊಡಕೂ ಒಂದಿದೆ. ಈ ಜೀನಿನ 192ನೇ ಅಕ್ಷರದ ಆಸುಪಾಸಿನಲ್ಲಿ ಜಿ ಅಕ್ಷರಗಳು ಸಾಲಾಗಿ ನಿಂತಿವೆ. ಅಲ್ಲಿ ಒಂದು ಜಿ ಹೆಚ್ಚಾದರೆ ಇಡೀ ಜೀನಿನ ಓದು ಜಾರಿ, ನಿರೋಧಕತೆ ಹುಟ್ಟುತ್ತದೆ. ಹೀಗಾಗುವುದು ಅಪರೂಪವೂ ಅಲ್ಲ. ಡಿಎನ್‌ಎಯನ್ನು ಅತಿ ಸಣ್ಣ ರಂಧ್ರದಲ್ಲಿ (ಪೋರ್) ಹಾಯಿಸಿ ಓದುವ ನ್ಯಾನೊಪೋರ್ ಯಂತ್ರಗಳಿಗೆ ಕಷ್ಟವಾಗುವುದು ಒಂದೇ ಅಕ್ಷರ ಸಾಲಾಗಿ ಬಂದಾಗ ಅದನ್ನು ಎಣಿಸುವುದು. ಹೊಸ ಪೋರ್‌ಗಳಲ್ಲಿ ಇದು ಸುಧಾರಿಸಿದೆ, ಪೂರ್ತಿ ಹೋಗಿಲ್ಲ.

ಇದೆಲ್ಲದರ ಫಲ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲೇ ಇದೆ. ಐಸೊನಿಯಾಜಿಡ್, ಮಾಕ್ಸಿಫ್ಲಾಕ್ಸಸಿನ್‌ಗಳಲ್ಲಿ ನೂರು ನಿರೋಧಕರ ಪೈಕಿ ಸುಮಾರು 95 ಜನರನ್ನು ಈ ಪರೀಕ್ಷೆ ಹಿಡಿಯುತ್ತದೆ. ಬೆಡಾಕ್ವಿಲಿನ್, ಲಿನೆಜೊಲಿಡ್‌ಗಳಲ್ಲಿ ಹಿಡಿಯುವುದು ಮೂರರಲ್ಲಿ ಇಬ್ಬರನ್ನಷ್ಟೇ. ಪ್ರೆಟೊಮನಿಡ್ ಶಿಫಾರಸಿನ ಪಟ್ಟಿಯಲ್ಲೇ ಇಲ್ಲ. ಬಿಪಾಲ್‌ಎಂನ ನಾಲ್ಕು ಔಷಧಗಳಲ್ಲಿ ಒಂದರ ಬಗ್ಗೆ ಗಟ್ಟಿ ಉತ್ತರ, ಎರಡರ ಬಗ್ಗೆ ಅರೆ ಉತ್ತರ, ಒಂದರ ಬಗ್ಗೆ ಮೌನ.

ಆದರೂ ತಪ್ಪಾಗಿ ‘ನಿರೋಧಕ’ ಎನ್ನುವುದು ತೀರಾ ಕಡಿಮೆ. ಹಾಗಾಗಿ ‘ಇದೆ’ ಎಂದಾಗ ಚಿಕಿತ್ಸೆ ಬದಲಿಸಲು ಕಲ್ಚರಿಗೆ ಕಾಯಬೇಕಿಲ್ಲ. ಆ ವಾರಗಳ ಉಳಿತಾಯ ದೊಡ್ಡದು.

ಎರಡು ಲ್ಯಾಬ್, ಎರಡು ಉತ್ತರ

ಆರ್‌ಪಿಒಬಿ ಜೀನಿನಲ್ಲೇ ಕೆಲವು ಅರೆಬರೆ ಮ್ಯುಟೇಷನ್‌ಗಳಿವೆ: 430, 435, 445, 452ನೇ ಸ್ಥಾನಗಳ ಕೆಲವು ಬದಲಾವಣೆಗಳು. ಇವು ರಿಫಾಂಪಿಸಿನ್ ಬಲವನ್ನು ಕುಗ್ಗಿಸುತ್ತವೆ, ಪೂರ್ತಿ ತಡೆಯುವುದಿಲ್ಲ. ಸೀಕ್ವೆನ್ಸಿಂಗ್ ಇವನ್ನು ನಿರೋಧಕ ಎನ್ನುತ್ತದೆ. ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ನಿಧಾನ ಬೆಳೆದು, ಔಷಧ ನಾಟಿದಂತೆ ಕಾಣಬಹುದು. ಈ ಕಾರಣಕ್ಕೇ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದ್ರವ ಕಲ್ಚರಿನ ರಿಫಾಂಪಿಸಿನ್ ಮಿತಿಯನ್ನು ಲೀಟರಿಗೆ 1 ಮಿಲಿಗ್ರಾಂನಿಂದ 0.5ಕ್ಕೆ ಇಳಿಸಿತು. ಹೊಸ ಮಿತಿಯಲ್ಲೂ ಕೆಲವು ತಪ್ಪಿಸಿಕೊಳ್ಳುತ್ತವೆ. ಎರಡು ವರದಿ ಹೊಂದದಿದ್ದರೆ ಯಾವುದೋ ಲ್ಯಾಬ್ ತಪ್ಪು ಮಾಡಿದೆ ಎನ್ನುವ ಮೊದಲು ಮ್ಯುಟೇಷನ್ನಿನ ಹೆಸರು ಕೇಳಬೇಕು. ಇಂಥ ಸಂದರ್ಭದಲ್ಲಿ ಜೀನಿನ ಮಾತಿಗೇ ಬೆಲೆ.

ಅರ್ಥ ಹೇಳುವ ಪಟ್ಟಿಯೂ ಬದಲಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮ್ಯುಟೇಷನ್ ಕ್ಯಾಟಲಾಗಿನ ಮೊದಲ ಆವೃತ್ತಿ 2021ರಲ್ಲಿ 38 ಸಾವಿರಕ್ಕೂ ಹೆಚ್ಚು ಮಾದರಿಗಳ ಆಧಾರದಲ್ಲಿ ಬಂತು. 2023ರ ಎರಡನೇ ಆವೃತ್ತಿಗೆ 52 ಸಾವಿರಕ್ಕೂ ಹೆಚ್ಚು ಮಾದರಿ. ಪ್ರತಿ ಮ್ಯುಟೇಷನ್ನನ್ನು ಐದು ಗುಂಪುಗಳಲ್ಲಿ ಒಂದಕ್ಕೆ ಹಾಕುತ್ತಾರೆ. ಮೊದಲೆರಡು ನಿರೋಧಕತೆಯ ಕಡೆ, ಕೊನೆಯೆರಡು ನಿರುಪದ್ರವ, ನಡುವಿನ ಮೂರನೆಯದೇ ‘ಅರ್ಥ ಅನಿಶ್ಚಿತ’. ಮೊದಲ ಆವೃತ್ತಿಯಲ್ಲಿ ಮೂರನೇ ಗುಂಪಿನಲ್ಲಿದ್ದದ್ದು ಎರಡನೆಯದರಲ್ಲಿ ಮೇಲೇರಿರಬಹುದು. ಯಾವ ಆವೃತ್ತಿ ಎಂದು ನಮೂದಿಸದ ವರದಿ ತಾರೀಕಿಲ್ಲದ ಚೆಕ್ಕಿನಂತೆ.

ಯಾರ ವಾದವೇನು

ಕಲ್ಚರನ್ನು ಬಿಟ್ಟುಬಿಡೋಣ ಎನ್ನುವವರ ಬಳಿ ಸಮಯದ ವಾದವಿದೆ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಬೇಸಿಗೆಯಲ್ಲಿ ಅಷ್ಟು ದೂರ ಬಂದ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸತ್ತು, ಬೇರೆ ಬ್ಯಾಕ್ಟೀರಿಯಾ ಮುಸುಕಿ, ಕಲ್ಚರ್ ಹಾಳಾಗುತ್ತದೆ. ಡಿಎನ್‌ಎ ಓದಲು ಬ್ಯಾಕ್ಟೀರಿಯಾ ಬದುಕಿರಬೇಕಿಲ್ಲ. ಇದು ನಿಜವಾದ ಲಾಭ.

ಕಲ್ಚರ್ ಲ್ಯಾಬುಗಳವರು ಎತ್ತುವ ಪ್ರಶ್ನೆಯೂ ಅಷ್ಟೇ ನಿಜ. ಕ್ಯಾಟಲಾಗ್ ಹುಟ್ಟಿದ್ದೇ ಕಲ್ಚರ್ ಫಲಿತಾಂಶ ಮತ್ತು ಜೀನ್ ಓದನ್ನು ಪಕ್ಕಪಕ್ಕ ಇಟ್ಟು ನೋಡಿದ್ದರಿಂದ. ಕಲ್ಚರ್ ನಿಲ್ಲಿಸಿದ ದಿನ ಮೂರನೇ ಗುಂಪಿನ ಮ್ಯುಟೇಷನ್‌ಗಳು ಅಲ್ಲೇ ಕೊಳೆಯುತ್ತವೆ. ಕಾರ್ಯಕ್ರಮ ನಡೆಸುವವರ ಚಿಂತೆ ಹಣದ್ದು: ಫ್ಲೋಸೆಲ್ ಬೆಲೆ ಎಂಟು ಮಾದರಿಗೂ ಅಷ್ಟೇ, ಇಪ್ಪತ್ನಾಲ್ಕಕ್ಕೂ ಅಷ್ಟೇ. ಬ್ಯಾಚ್ ತುಂಬಲಿ ಎಂದು ಎರಡು ವಾರ ಕಾದರೆ, ಎರಡು ದಿನದ ಪರೀಕ್ಷೆ ಹದಿನಾರು ದಿನದ್ದಾಗುತ್ತದೆ. ಕಾದರೆ ವೇಗ ಹೋಯಿತು, ಕಾಯದಿದ್ದರೆ ದುಡ್ಡು ಹೋಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಲ್ಲೂ ಎಚ್ಚರವಿದೆ. ಶಿಫಾರಸು ಷರತ್ತಿನದು. ‘ಬಳಸಬಹುದು’ ಎಂದಿದೆ, ‘ಬಳಸಬೇಕು’ ಎಂದಿಲ್ಲ. ಪತ್ರಿಕೆಗಳ ತಲೆಬರಹದಲ್ಲಿ ಉದುರಿಹೋದದ್ದು ಈ ಒಂದು ಪದ.

ಮುಂದೆ ಏನಾಗಬಹುದು

2023ರಲ್ಲಿ ಜಗತ್ತಿನ ನಿರೋಧಕ ಕ್ಷಯದ ಶೇ 27ರಷ್ಟು ಭಾರತದಲ್ಲೇ ಇತ್ತು. ಆರು ತಿಂಗಳ ಚಿಕಿತ್ಸೆ ಇಷ್ಟು ಜನರಿಗೆ ವೇಗವಾಗಿ ಹರಡಿದರೆ ಬೆಡಾಕ್ವಿಲಿನ್ ಬಳಕೆಯೂ ಏರುತ್ತದೆ. ಯಾವ ಔಷಧ ಹೆಚ್ಚು ಬಳಕೆಯಾದರೂ ಅದಕ್ಕೆ ನಿರೋಧಕತೆ ಹಿಂಬಾಲಿಸುತ್ತದೆ. 2018ರಿಂದ ಇಂಜೆಕ್ಷನ್ ಬಿಟ್ಟು ಬೆಡಾಕ್ವಿಲಿನ್‌ಗೆ ಹೊರಳಿದ ದಕ್ಷಿಣ ಆಫ್ರಿಕಾ ಅದನ್ನು ಈಗಾಗಲೇ ನೋಡುತ್ತಿದೆ. ಅಲ್ಲಿನ ರೋಗಿಗಳಿಗೆ ಆ ಬದಲಾವಣೆ ಒಳ್ಳೆಯದನ್ನೇ ಮಾಡಿತು. ಪರೀಕ್ಷೆ ಹಿಂದೆ ಬಿತ್ತು ಅಷ್ಟೆ.

ಹಾಗಾದರೆ ಸೀಕ್ವೆನ್ಸರ್‌ಗಳು ಎಲ್ಲಿರಬೇಕು? ಜಿಲ್ಲೆಗೊಂದು ಎಂಬ ಆಸೆ ಬೇಡ. ಬ್ಯಾಚ್ ತುಂಬದ ಕಡೆ ಯಂತ್ರ ಧೂಳು ಹಿಡಿಯುತ್ತದೆ, ಅವಧಿ ಮೀರಿದ ಕಿಟ್‌ಗಳು ಫ್ರೀಜರಿನಲ್ಲಿ ಉಳಿಯುತ್ತವೆ. ಬೆಂಗಳೂರಿನಲ್ಲಿ 1959ರಿಂದ ಇರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಂಥ ರೆಫರೆನ್ಸ್ ಲ್ಯಾಬುಗಳ ಮಟ್ಟದಲ್ಲಿ, ವಾರಕ್ಕೆ ಎರಡು ನಿಗದಿತ ಓಟ, ಮಾದರಿ ಎಷ್ಟಿದ್ದರೂ ಸರಿ ಎಂಬ ಕಟ್ಟುನಿಟ್ಟಿದ್ದರೆ ವೇಗ ಉಳಿಯುತ್ತದೆ. ಎಲ್ಲ ಕಫವನ್ನೂ ಕಳಿಸಬೇಕಿಲ್ಲ. ಜೀನ್‌ಎಕ್ಸ್‌ಪರ್ಟ್‌ನಲ್ಲಿ ರಿಫಾಂಪಿಸಿನ್ ನಿರೋಧಕತೆ ಕಂಡು, ಬ್ಯಾಕ್ಟೀರಿಯಾ ಪ್ರಮಾಣ ಮಧ್ಯಮ ಅಥವಾ ಹೆಚ್ಚು ಎಂದು ಬಂದವನ್ನು ಕಳಿಸಿದರೆ ಓದು ಸಿಗುತ್ತದೆ. ‘ಟ್ರೇಸ್’ (ಅತ್ಯಲ್ಪ) ಎಂದು ಬಂದವುಗಳಲ್ಲಿ ಬಹುಪಾಲು ಸೋಲುತ್ತವೆ, ಅವಕ್ಕೆ ಕಲ್ಚರೇ ಸರಿ.

ಇದಕ್ಕೆ ಬೇಕಾದದ್ದು ರೋಗಿಯಿಂದ ಮೊದಲ ದಿನವೇ ಎರಡು ಟ್ಯೂಬ್ ಕಫ, ಬೆಳಗಿನದ್ದು, ಎದೆಯಿಂದ ಕೆಮ್ಮಿ ತೆಗೆದದ್ದು, ತಲಾ ಐದು ಮಿಲಿಲೀಟರ್ ಹತ್ತಿರ. ಇರುವ ಒಂದೇ ಟ್ಯೂಬ್ ಜೀನ್‌ಎಕ್ಸ್‌ಪರ್ಟ್‌ಗೆ ಖರ್ಚಾಗಿ, ಚಿಕಿತ್ಸೆ ಶುರುವಾಗಿ ಹತ್ತು ದಿನದ ಮೇಲೆ ಮತ್ತೆ ಕಫ ಕೇಳಿದರೆ, ಬರುವುದು ಎಂಜಲು. ಎರಡನೇ ಟ್ಯೂಬಿನ ಅರ್ಧ ಸೀಕ್ವೆನ್ಸಿಂಗ್‌ಗೆ, ಅರ್ಧ ಕಲ್ಚರಿಗೆ ಹೋಗಬೇಕು. ಸೀಕ್ವೆನ್ಸಿಂಗ್ ‘ಇದೆ’ ಎಂದರೆ ಚಿಕಿತ್ಸೆ ಅಂದೇ ಬದಲಾಗಲಿ. ‘ಸಿಗಲಿಲ್ಲ’ ಎಂದರೆ ಚಿಕಿತ್ಸೆ ಶುರುವಾಗಲಿ, ಬೆಡಾಕ್ವಿಲಿನ್ ಮತ್ತು ಲಿನೆಜೊಲಿಡ್‌ಗಳ ಕಲ್ಚರ್ ಉತ್ತರ ಬರುವವರೆಗೆ ಕಡತ ಮುಚ್ಚದಿರಲಿ. ನಾಲ್ಕನೇ ತಿಂಗಳಲ್ಲೂ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿದ್ದರೆ ಹಳೆಯ ಸೀಕ್ವೆನ್ಸಿಂಗ್ ವರದಿಯನ್ನು ಮತ್ತೆ ತೆರೆದು ನೋಡಿ ಪ್ರಯೋಜನವಿಲ್ಲ. ಆರ್‌ವಿ0678 ಈ ನಾಲ್ಕು ತಿಂಗಳಲ್ಲೇ ಕೆಟ್ಟಿರಬಹುದು, ಹೊಸ ಕಫದಿಂದ ಹೊಸದಾಗಿ ಓದಿಸಬೇಕು.